ಜಲಜಕ್ಕನ ಮದ್ದು ಹೊತ್ತವನು

ನಾನು ಒಂದು ತಂಪುಪೆಟ್ಟಿಗೆ. ಕಾರ್ಖಾನೆಯ ಅಚ್ಚಿನಿಂದ ನೀಲಿ ಮೈ ಪಡೆದು ಹೊರಬಂದೆ. ಮೊದಮೊದಲು ಲಸಿಕೆ ಹೊತ್ತು ಶಾಲೆಗಳಿಗೆ ಹೋಗುತ್ತಿದ್ದೆ; ನನ್ನನ್ನು ಕಂಡರೆ ಮಕ್ಕಳು ಅಳುತ್ತಿದ್ದರು. ಆಮೇಲೆ ಮಂಗಳೂರಿನ ಆಸ್ಪತ್ರೆಯೊಂದರ ನರ್ಸ್ ಐರಿನ್ ಕೈಗೆ ಬಂದೆ. ಆಗ ನನ್ನ ದಾರಿ ಕಾಯುವವರೂ ಸಿಕ್ಕರು.

ಅವರಲ್ಲೊಬ್ಬಳು ಹೊಳೆಯಾಚೆ ಬೆಂಗರೆಯ ಜಲಜಕ್ಕ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅದು ಮುಂದೆ ಮೂಳೆಗೆ ಹರಡದಂತೆ ತಡೆಯಬಹುದೇ ಎಂದು ನೋಡಲು ಹೊಸ ಇಂಜೆಕ್ಷನ್ನಿನ ಪ್ರಯೋಗ ನಡೆದಿತ್ತು. ಅವಳು ಅದಕ್ಕೆ ಒಪ್ಪಿದ್ದಳು. ಐರಿನ್ ನನ್ನನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಹೊಳೆ ದಾಟುತ್ತಿದ್ದಳು.

"ಇದರೊಳಗೆ ಎಂತ ಉಂಟು ಸಿಸ್ಟರ್?"

"ಪ್ರತಿಕಾಯ ಅಕ್ಕಾ. ಮೂಳೆ ಕರಗಿಸುವ ಕೋಶಗಳು ನಮ್ಮ ಮೈಯಲ್ಲೇ ಉಂಟು. ಕ್ಯಾನ್ಸರ್ ಅವುಗಳನ್ನು ಕೆರಳಿಸಿ ಮೂಳೆಯಲ್ಲಿ ಜಾಗ ಮಾಡಿಕೊಳ್ತದೆ. ಈ ಮದ್ದು ಅವುಗಳನ್ನು ಸುಮ್ಮನಿರಿಸ್ತದೆ. ಎಲ್ಲರಿಗೂ ನಾಟ್ತದಾ ಅಂತ ಇನ್ನೂ ಗೊತ್ತಿಲ್ಲ."

"ನಾಟಿದರೆ ನಾಟಲಿ. ನೀವು ಮೊದಲು ಚಾ ಕುಡಿಯಿರಿ."

ಒಂದು ಮಳೆಗಾಲದ ಕೊನೆಗೆ ನಾವು ಹೋದಾಗ ಜಲಜಕ್ಕ ಬಾಗಿಲಚೌಕಟ್ಟು ಹಿಡಿದು ಎದ್ದಳು. ಸೊಂಟದಲ್ಲಿ ನೋವು. ಕ್ಯಾನ್ಸರ್ ಮೂಳೆಗೇ ಇಳಿಯಿತೋ ಎಂದು ಐರಿನ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಮರುದಿನವೇ ಸ್ಕ್ಯಾನ್ ಆಯಿತು. ಫಲಿತಾಂಶ ಬರುವವರೆಗೆ ಜಲಜಕ್ಕ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದಳು. ನನ್ನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ನನ್ನೊಳಗಿನ ಮಂಜುಗಡ್ಡೆಗಿಂತ ಅವಳ ಬೆರಳುಗಳೇ ತಣ್ಣಗಿದ್ದವು.

ಡಾಕ್ಟರು ಹೊರಗೆ ಬಂದು ಹೇಳಿದರು: "ಮೂಳೆಗೆ ಏನೂ ಆಗಿಲ್ಲ. ಸ್ನಾಯು ಎಳೆದುಕೊಂಡಿದೆ ಅಷ್ಟೇ. ಭಾರ ಎತ್ತಿದ್ರಾ?"

ಜಲಜಕ್ಕ ತಲೆ ತಗ್ಗಿಸಿದಳು. "ಬಂಗುಡೆ ಒಳ್ಳೇದಿತ್ತು. ಒಂದೇ ಬುಟ್ಟಿ..."

"ಎಂತ ಅಕ್ಕಾ ನೀವು! ರಾತ್ರಿಯಿಡೀ ನನಗೆ ನಿದ್ದೆ ಇಲ್ಲ!" ಎಂದು ಐರಿನ್ ಬೈದಳು. ಬೈಯುತ್ತಲೇ ಅವಳನ್ನು ತಬ್ಬಿಕೊಂಡು ಅತ್ತಳು. ಜಲಜಕ್ಕನೂ ಅತ್ತಳು, ನಡುನಡುವೆ ನಕ್ಕಳು.

ಅಂದಿನಿಂದ ಅವಳು ಮಾರುಕಟ್ಟೆಯಲ್ಲಿ ಕುಳಿತೇ ಮೀನು ಮಾರುತ್ತಾಳೆ.

ಈಗ ನನಗೆ ವಯಸ್ಸಾಯಿತು. ಮುಚ್ಚಳ ಸರಿಯಾಗಿ ಕೂರದೆ ತಂಪು ಸೋರಿಹೋಗುತ್ತದೆ. ಐರಿನ್ ನನ್ನನ್ನು ಗುಜರಿಗೆ ಬಿಡದೆ ಆಸ್ಪತ್ರೆಯ ಜಗಲಿಯ ಮೂಲೆಯಲ್ಲಿ ಮಣೆಯಾಗಿ ಇಟ್ಟಿದ್ದಾಳೆ. ಜಲಜಕ್ಕನನ್ನು ಕಾಪಾಡಿದ್ದು ಆ ಮದ್ದೋ, ಅವಳ ಅದೃಷ್ಟವೋ, ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ತಪಾಸಣೆಗೆ ಬಂದಾಗೆಲ್ಲ ಅವಳು ನನ್ನ ಮೇಲೇ ಕೂರುತ್ತಾಳೆ. ಈಚೆಗೆ ಮೈ ತುಂಬಿಕೊಂಡಿದ್ದಾಳೆ. ನನ್ನ ಮೈಯೆಲ್ಲ ಕಿರುಗುಟ್ಟುತ್ತದೆ. ಆದರೂ ಅವಳು ಬೇಗ ಏಳದಿರಲಿ ಎನಿಸುತ್ತದೆ.