ಸಣ್ಣಬೀರಪ್ಪ ಬರೆದ ವಾಕ್ಯ

ಬಸ್ಸಿನ ಕಂಡಕ್ಟರನ ಖಾಕಿ ಭುಜದ ಮೇಲೆ ಹತ್ತಿಯ ಒಂದು ಎಳೆ, ಗಾಳಿಗೆ ಏಳುತ್ತದೆ, ಮತ್ತೆ ಕೂರುತ್ತದೆ, ರೈಲ್ವೆ ಗೇಟು ಬಿದ್ದು ಹತ್ತು ನಿಮಿಷವಾಯಿತು, ಗೂಡ್ಸ್ ಗಾಡಿಯ ಸುಳಿವಿಲ್ಲ, ಇಳಿದು ನಡೆದೇ ಬಿಡಲೇ ಎಂದುಕೊಂಡ ತಿಪ್ಪೇರುದ್ರಪ್ಪ, ದಾವಣಗೆರೆ ಬಿಟ್ಟು ಅರ್ಧ ದಾರಿಯೂ ಬಂದಿಲ್ಲ, ಹರಿಹರಕ್ಕೆ ಇನ್ನೂ ಐದು ಮೈಲಿ, ನಡೆದರೆ ಒಂದೂವರೆ ತಾಸು, ಅಷ್ಟರೊಳಗೆ ಹೊಳೆಗೆ ಇಳಿಯುವವನು ಇಳಿದಿರುತ್ತಾನೆ — ಛೆ, ಹಾಗೆಲ್ಲ ಯೋಚಿಸಬಾರದು, ಹೊಳೆಗೆ ಯಾಕೆ ಇಳಿದಾನು, ನಲವತ್ತು ವರ್ಷದ ಗಂಡಸು, ಮಿಲ್ಲಿನಲ್ಲಿ ಮಗ್ಗ ನಡೆಸುವವನು, ಮೇಷ್ಟ್ರಾದ ತಾನು ಆಡಿದ ಒಂದು ಮಾತಿಗೆ ಯಾರಾದರೂ ಪ್ರಾಣ ಬಿಡುತ್ತಾರೆಯೇ, ಆದರೆ ಆ ದುರುಗವ್ವನ ಮುಖ, ಬೆಳಿಗ್ಗೆ ಬಾಗಿಲಲ್ಲಿ ನಿಂತವಳು ಕೂತುಕೊಳ್ಳಮ್ಮ ಎಂದರೂ ಕೂರಲಿಲ್ಲ, ನಾನು ಸಣ್ಣಬೀರಪ್ಪನ ಮನ್ಯಾಕಿ ರೀ ಅಂದಳು, ನಿಮ್ಮ ಸಂಜಿ ಕ್ಲಾಸಿಗೆ ಬರ್ತಾರಲ್ರಿ ಅವ್ರು, ಗುರುವಾರದಿಂದ ಒಂದು ತುತ್ತು ಉಂಡಿಲ್ರಿ, ಇವತ್ತು ಬೆಳಕು ಹರಿಯಾದ್ರಾಗ ಎದ್ದು ಹರಿಹರಕ್ಕೆ ಹೋಗ್ತೀನಿ ಅಂದ್ರು, ಯಾಕ ಅಂತ ಕೇಳಾದ್ರಾಗ ಹೊಂಟೇಬಿಟ್ರು, ಅಲ್ಲಿ ಹೊಳಿ ದಂಡ್ಯಾಗ ನಮ್ಮ ಕೂಸಿನ ಮಣ್ಣು ಮಾಡೈತ್ರಿ, ಹೊಳಿ ಬ್ಯಾರೆ ತುಂಬೈತಂತೆ, ನನಗೆ ಎದಿ ಹೊಡಕಳಕ ಹತ್ತೈತ್ರಿ, ನೀವು ಹೋಗಿ ಕರ್ಕಂಬರ್ರಿ, ನಿಮ್ಮ ಮಾತು ಕೇಳ್ತಾರ — ನಿಮ್ಮ ಮಾತು ಕೇಳಿಯೇ ಹೀಗಾಯಿತು ಎಂದು ಅವಳು ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು, ಅದರ ಬದಲು ಸೆರಗಿನ ತುದಿ ಹಿಂಡುತ್ತ ಕೂಸಿನ ಕಥೆ ಹೇಳಿದಳು, ಹೋದ ವರ್ಷ ಮೊಳೆ ತುಳಿದು ಧನುರ್ವಾಯು ಆತ್ರಿ, ಆರು ವರ್ಷದ್ದು, ಹರಿಹರದಾಗ ಅವರಕ್ಕ ಕಮಲಕ್ಕನ ಮನ್ಯಾಗ ಒಂಬತ್ತು ದಿನ, ಕದ ಕಿರ್ ಅಂದ್ರೆ ಸಾಕು ಮೈ ಬಿಲ್ಲಿನಂಗ ಬಾಗೋದು, ದೀಪ ಹಚ್ಚಂಗಿಲ್ಲ, ಕೆಮ್ಮಂಗಿಲ್ಲ, ಒಂಬತ್ತು ದಿನ ಗಂಡ ಹೆಂಡ್ತಿ ಸನ್ನೀಲೇ ಮಾತಾಡಿದ್ವಿ, ಉಸಿರು ನಿಂತ ಮ್ಯಾಲೆ ನಾನು ಕೈಯಾಗಿನ ತಂಬಿಗಿ ಧಪ್ ಅಂತ ಕೆಳಗಿಟ್ಟೆ, ಕೂಸು ಅಲುಗಲಿಲ್ಲ, ಇನ್ನ ಸಪ್ಪಳ ಮಾಡಬೌದಲ್ಲ ಅನ್ನಿಸ್ತು ರೀ, ಹೆತ್ತಾಕಿಗೇ ಹಂಗನ್ನಿಸ್ತು.

ತಿಪ್ಪೇರುದ್ರಪ್ಪನಿಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಗೆ ಮಾಡುತ್ತಿದ್ದನೇ, ಕೇಳಿದ್ದರೆ ತಾನೆ ಗೊತ್ತಾಗುವುದು, ಅರವತ್ತೊಂದರ ಸೆಪ್ಟೆಂಬರ್ ಪರೀಕ್ಷೆಗೆ ಇನ್ನು ಮೂರೇ ವಾರ, ಶಿಫ್ಟು ಮುಗಿಸಿ ಬಂದ ಇಪ್ಪತ್ತೆರಡು ಮಂದಿ, ತಲೆಯಲ್ಲಿ ಹತ್ತಿ, ಕಣ್ಣಲ್ಲಿ ನಿದ್ದೆ, ಅವರನ್ನು ಎಚ್ಚರವಾಗಿಡಲು ನಗಿಸಬೇಕಾಗುತ್ತದೆ, ನಗಿಸುವುದರಲ್ಲಿ ಅವನು ಗಟ್ಟಿಗ, ಗುರುವಾರ ಬೋರ್ಡಿನ ಮೇಲೆ ಬರೆದದ್ದು ಟು ಹಿಸ್ ಸರ್‌ಪ್ರೈಸ್, ಟು ಹಿಸ್ ಜಾಯ್, ಟು ಹಿಸ್ ಗ್ರೀಫ್, ಟು ಹಿಸ್ ರಿಲೀಫ್, ಆಶ್ಚರ್ಯ, ಸಂತೋಷ, ದುಃಖ, ನಿರಾಳ, ಇವು ಕ್ರಿಯಾವಿಶೇಷಣ ಪದಪುಂಜಗಳು ಕಣ್ರಯ್ಯ, ನಾವು ಮೊದಲು ನಡೆದದ್ದು ಹೇಳಿ ಆಮೇಲೆ ಅಳುತ್ತೇವೆ, ಇಂಗ್ಲಿಷಿನವನು ಮೊದಲು ಅತ್ತು, ಒಂದು ಕಾಮಾ ಹಾಕಿ, ಆಮೇಲೆ ನಡೆದದ್ದು ಹೇಳುತ್ತಾನೆ, ಎಲ್ಲರೂ ನಕ್ಕರು, ಒಂದೊಂದು ವಾಕ್ಯ ಬರೆಯಿರಿ ಅಂದ, ಒಬ್ಬನಿಗೆ ಬೋನಸ್ ಬಂತು, ಒಬ್ಬನಿಗೆ ರೈಲು ತಪ್ಪಿತು, ಸಣ್ಣಬೀರಪ್ಪನ ನೋಟ್‌ಬುಕ್ಕಿನಲ್ಲಿ ದುಂಡು ಅಕ್ಷರ, ಟು ಹಿಸ್ ರಿಲೀಫ್, ಹಿಸ್ ಡಾಟರ್ ಡೈಡ್, ಅವನಿಗೆ ನಿರಾಳವಾಗುವಂತೆ ಅವನ ಮಗಳು ಸತ್ತಳು, ತಿಪ್ಪೇರುದ್ರಪ್ಪ ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ, ರಿಲೀಫ್ ಹೊಡೆದು ಗ್ರೀಫ್ ಮಾಡಿದ, ಸಣ್ಣಬೀರಪ್ಪ ಎದ್ದು ನಿಂತು, ಅದು ತಪ್ಪಲ್ಲ ಸಾರ್, ನಾನು ಗೊತ್ತಿದ್ದೇ ಬರದೀನಿ ಅಂದ, ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಮಗಳು ಸತ್ತರೆ ನಿರಾಳ ಆಗುವವನು ಮನುಷ್ಯನೇನಯ್ಯ, ಕೂತುಕೋ ಅಂದ, ಇಪ್ಪತ್ತೊಂದು ಮಂದಿ ನಕ್ಕರು, ಆ ನಗು ಅವನಿಗೆ ಹಿತವಾಯಿತು, ಹೌದು ಹಿತವಾಯಿತು, ಈಗ ಯಾರ ಹತ್ತಿರ ಮುಚ್ಚಿಡುವುದು, ಸಣ್ಣಬೀರಪ್ಪ ಕೂರಲಿಲ್ಲ, ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದ.

ಗಾಡಿ ಹೋಯಿತು, ಗೇಟು ಎದ್ದಿತು, ಬಸ್ಸು ಹರಿಹರ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು, ಕೇಳುತ್ತ ಕೇಳುತ್ತ ಕಮಲಕ್ಕನ ಮನೆ ಸಿಕ್ಕಿತು, ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಬರ್ರಿ ಸಾರ್, ನೀರು ಕುಡೀರಿ, ತಮ್ಮ ಬಂದಿದ್ದ, ಚಾ ಸೈತ ಬ್ಯಾಡ ಅಂದ, ಹೊಳಿ ಕಡೆ ಹೋದ, ಮೂರು ತಾಸಾತು, ಯಾಕ್ರಿ, ಏನಾಗೈತ್ರಿ, ಏನೂ ಇಲ್ಲಮ್ಮ, ಸುಮ್ಮನೆ ಬಂದೆ ಎಂದ ಅವನು, ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟ, ಸಣ್ಣಬೀರಪ್ಪ ತೊಟ್ಟ ಅಂಗಿ ಯಾವುದು ತಾಯಿ, ಅದೇ ಮಿಲ್ಲಿನ ನೀಲಿದು ರೀ, ಅವನ ಹತ್ತಿರ ಇನ್ನೇನೈತಿ — ನೀಲಿ, ನೀಲಿ ಎಂದು ಹೇಳಿಕೊಳ್ಳುತ್ತ ಓಡುತ್ತಿದ್ದಾನೆ, ಮೂವತ್ತೈದು ವರ್ಷಕ್ಕೇ ಉಬ್ಬಸ, ಪಂಚೆ ಕಾಲಿಗೆ ತೊಡರುತ್ತದೆ, ಟು ಹಿಸ್ ಗ್ರೀಫ್, ಟು ಹಿಸ್ ಶೇಮ್, ಕಾಮಾ ಬಿದ್ದಾಗಿದೆ, ಅದರಾಚೆಯದು ಇನ್ನೂ ಬರೆದಿಲ್ಲ, ಸಾವೊಂದನ್ನು ಬಿಟ್ಟು ಯಾವುದನ್ನಾದರೂ ಹಾಕು ಸ್ವಾಮಿ, ಬೋರ್ಡಿನ ಮುಂದೆ ಎಲ್ಲರೆದುರು ಕೈ ಮುಗಿಯುತ್ತೇನೆ, ಕಾಲು ಹಿಡಿಯುತ್ತೇನೆ, ಅವನ ವಾಕ್ಯ ಸರಿ ಇತ್ತು, ನೂರಕ್ಕೆ ನೂರು ಸರಿ, ನಾನೇ ದಡ್ಡ, ಬದುಕಿರಲಿ, ಅಷ್ಟೇ, ಬದುಕಿರಲಿ — ಎದುರಿಂದ ಒಬ್ಬ ಮುದುಕ ಬರುತ್ತಿದ್ದಾನೆ, ಅತ್ತ ಹೋಗಬ್ಯಾಡ್ರಿ, ಹೆಣ ತೆಗದಾರ, ಯಾರೋ ಗಂಡಸು, ಮಿಲ್ಲಿನೋನಂತೆ.

ಕೆಂಪು ನೀರು ದಂಡೆಯ ಜಾಲಿಗಿಡಗಳ ನಡುವಿನವರೆಗೂ ಬಂದಿದೆ, ಸೇತುವೆಯ ಕಂಬಗಳಿಗೆ ನೊರೆ ಅಡರಿದೆ, ಮೂವತ್ತು ನಲವತ್ತು ಜನ ಸುತ್ತುಗಟ್ಟಿದ್ದಾರೆ, ಅವರ ಬೆನ್ನುಗಳ ಸಂದಿಯಲ್ಲಿ ನೀಲಿ, ಒದ್ದೆಯಾದ ನೀಲಿ, ಬೋರಲು ಬಿದ್ದ ನೀಲಿ, ಸರೀರಿ ಸರೀರಿ ಎನ್ನುತ್ತ ಮೊಣಕೈಯಿಂದ ನೂಕುತ್ತಾನೆ, ಯಾರೋ ಹೊರಳಿಸಿರಪ್ಪ ಎನ್ನುತ್ತಾರೆ, ಹೊರಳಿಸುತ್ತಾರೆ, ದಪ್ಪ ಮೀಸೆ, ಹಣೆಯ ಮೇಲೆ ಹಳೆಯ ಗಾಯದ ಗೀರು, ಈ ಮುಖ ಅವನು ಎಂದೂ ಕಂಡದ್ದಲ್ಲ — ಎದೆಯೊಳಕ್ಕೆ ಗಾಳಿ ನುಗ್ಗಿತು, ಮುಖ ತಾನಾಗಿ ಅರಳಿತು, ಸದ್ಯ, ಅವನಲ್ಲ ಎಂದಿತು ಬಾಯಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಆಗಲೇ ಹೆಣದ ತಲೆಯ ಹತ್ತಿರ ಕೂತಿದ್ದ ಹೆಂಗಸು ಅಳು ನಿಲ್ಲಿಸಿ ಕತ್ತೆತ್ತಿದಳು, ಸತ್ತವನ ಹೆಂಡತಿಯಿರಬೇಕು, ತಿಪ್ಪೇರುದ್ರಪ್ಪನ ಬಾಯನ್ನು ನೋಡಿದಳು, ಸಾರ್, ನೀವ್ಯಾಕ ಇಲ್ಲಿ, ಅದು ಸಣ್ಣಬೀರಪ್ಪನ ದನಿ, ಕಾಲ ಕಡೆ ನಿಂತಿದ್ದಾನೆ, ಅಂಗಿಯಿಲ್ಲ, ಸೊಂಟದ ತನಕ ಕೆಸರು, ಉಸಿರಾಡುತ್ತಿದ್ದಾನೆ, ಮಗಳ ಸಮಾಧಿ ತಲೆಗಿಟ್ಟ ಕಲ್ಲು ನೀರಾಗ ಮುಣಿಗೈತಿ ಸಾರ್, ಕೈಯಾಡಿಸಿ ಹುಡುಕಾಕ ಇಳಿದಿದ್ದೆ, ಇವನು ಸಿಕ್ಕ ಅಂದ, ಸಣ್ಣಬೀರಪ್ಪ, ನಿನ್ನ ಹೆಂಡತಿ ಕಳಿಸಿದಳಪ್ಪ, ನಾನು, ಅವತ್ತು ನಾನು — ಅದೆಲ್ಲ ಆಮ್ಯಾಲೆ ಸಾರ್, ಬಿಸಿಲಾಗ ಬಿದ್ದಾನ, ಆ ಕಾಲು ಹಿಡ್ಕಳ್ರಿ, ನೆಳ್ಳಿಗೆ ಒಯ್ಯಾಣ, ಹಿಡಿದುಕೊಂಡ, ತಣ್ಣಗಿದೆ, ಪಾದದ ಮೇಲೆ ಚಪ್ಪಲಿ ಪಟ್ಟಿಯ ಬಿಳಿ ಗುರುತು, ಎತ್ತಬೇಕು, ಎತ್ತುತ್ತಿದ್ದಾನೆ, ಅವಳು ನೋಡುತ್ತಿದ್ದಾಳೆ, ಅಳುತ್ತಿಲ್ಲ, ಬೈಯುತ್ತಿಲ್ಲ, ಅವನ ಬಾಯನ್ನು ನೋಡುತ್ತಿದ್ದಾಳೆ, ನಗೆಗೆ ಬಿಚ್ಚಿದ ತುಟಿ ಮುಚ್ಚಬೇಕು, ಮುಚ್ಚುವುದಕ್ಕೆ ಆಗುತ್ತಿಲ್ಲ, ಸಾರ್ ಎತ್ರಿ, ಅವಳು ನೋಡುತ್ತಿದ್ದಾಳೆ, ಅವನ ಬಾಯನ್ನು, ಹಲ್ಲನ್ನು, ಅವಳು —