ದಸರಾ ವಾರದ ಕೋಣೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ನೀರೆಷ್ಟಿದೆ, ಕಾಯಿ ಇನ್ನೆಷ್ಟು ದಿನ ತಡೆಯುತ್ತದೆ ಎಂದು ಸದಾಶಿವಯ್ಯನವರು ಹೇಳಿಬಿಡುತ್ತಿದ್ದರು. ಮಂಡಿ ಮೊಹಲ್ಲಾದ ಅಂಚಿನಲ್ಲಿ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿದ ಅವರ ಸಗಟು ಅಂಗಡಿಯಲ್ಲಿ ಮೂವತ್ತೈದು ವರ್ಷದಿಂದ ಅದೇ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ೨೦೦೪ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹೀಗೇ ಕಾಯಿ ಆರಿಸುತ್ತ ಕೂತಿದ್ದಾಗ ಟೈ ಕಟ್ಟಿಕೊಂಡ ಮಹೇಶ್ ಬಂದ. ಹತ್ತು ವರ್ಷದ ಹಿಂದೆ ಅವರಿಗೆ ಊಟಿಯ ರೆಸಾರ್ಟೊಂದರಲ್ಲಿ ‘ಒಂದು ವಾರ’ವನ್ನು ಮಾರಿದವನು ಇವನೇ.

ವಾರವನ್ನೂ ಮಾರುತ್ತಾರೆಯೇ ಎಂದು ನೀವು ಕೇಳಬಹುದು. ಮಾರುತ್ತಾರೆ. ಟೈಮ್‌ಶೇರ್ ಎಂದು ಅದರ ಹೆಸರು. ಒಮ್ಮೆ ದೊಡ್ಡ ಮೊತ್ತ ಕಟ್ಟಿದರೆ ಮೂವತ್ತಮೂರು ವರ್ಷ, ವರ್ಷಕ್ಕೊಂದು ವಾರ, ಆ ಕೋಣೆ ನಿಮ್ಮದು. ನೀವು ಹೋದರೂ ಸರಿ, ಹೋಗದಿದ್ದರೂ ಸರಿ, ನಿರ್ವಹಣೆಯ ಹಣವನ್ನು ಮಾತ್ರ ವರ್ಷ ವರ್ಷವೂ ಕಟ್ಟಬೇಕು. ಯಾವ ವಾರ ಬೇಕು ಎಂದು ಮಹೇಶ್ ಕೇಳಿದಾಗ ಸದಾಶಿವಯ್ಯನವರು ವ್ಯಾಪಾರಿಯ ಬುದ್ಧಿ ಓಡಿಸಿದ್ದರು. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಯಾವುದಕ್ಕೆ? ದಸರಾ ವಾರಕ್ಕೆ. ಹಬ್ಬ ಯಾವ ತಾರೀಖಿಗೆ ಬಂದರೂ ಸರಿ, ವಿಜಯದಶಮಿ ಇರುವ ವಾರ. ಬೇಡಿಕೆಯ ಮಾಲೇ ಮಾಲು ಎಂದು ಅವರು ರುಜು ಹಾಕಿಬಿಟ್ಟರು.

ಇಂಥ ತಪ್ಪನ್ನು ಮೈಸೂರಿನವನು, ಅದರಲ್ಲೂ ಸಯ್ಯಾಜಿರಾವ್ ರಸ್ತೆಯಲ್ಲಿ ತಾರಸಿ ಇಟ್ಟುಕೊಂಡವನು ಮಾತ್ರ ಮಾಡಬಲ್ಲ. ಜಂಬೂ ಸವಾರಿ ಆ ಮನೆಯ ಮುಂದೆಯೇ ಹೋಗುತ್ತದೆ. ತಾರಸಿಯಲ್ಲಿ ನಿಂತರೆ ಅಂಬಾರಿ ಕೈಗೆ ಎಟಕುವಂತಿರುತ್ತದೆ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರಗಳಲ್ಲಿ ಇರುವ ನೆಂಟರೆಲ್ಲರಿಗೂ ಅದು ಗೊತ್ತು. ಆಯುಧಪೂಜೆಯ ಹಿಂದಿನ ದಿನವೇ ಚಾಪೆ ದಿಂಬುಗಳ ಸಮೇತ ಬಂದು ಇಳಿಯುತ್ತಿದ್ದರು. ಅವರಿಗೆಲ್ಲ ಬೇಯಿಸಿ ಹಾಕುವವರು ಸದಾಶಿವಯ್ಯನವರ ಹೆಂಡತಿ ಪಾರ್ವತಮ್ಮ. ಅಂಬಾರಿ ಬಂತೆಂದು ಮೇಲೆ ಕೂಗು ಎದ್ದಾಗಲೂ ಆಕೆ ಕೆಳಗೆ ಪುಳಿಯೋಗರೆ ಕಲಸುತ್ತಿರುತ್ತಿದ್ದರು. ಒಂಬತ್ತು ದಸರಾ ಹಾಗೆಯೇ ಕಳೆದವು. ಮನೆಯಲ್ಲಿ ಕಾಲಿಡಲು ಜಾಗವಿರದ ಆ ವಾರವೇ ಊಟಿಯಲ್ಲಿ ಅವರ ಹೆಸರಿನ ಕೋಣೆ ಕಾಯುತ್ತಿತ್ತು.

೨೦೦೨ರಲ್ಲಿ ಪಾರ್ವತಮ್ಮ ಗಂಡನನ್ನು ಕೇಳದೆಯೇ ಚೀಲ ಕಟ್ಟಿದರು. ಹೊರಡುವ ಬೆಳಿಗ್ಗೆ ಸದಾಶಿವಯ್ಯನವರ ತಂಗಿ ವಸಂತಮ್ಮನ ಫೋನು ಬಂತು. ಈ ಸಲ ಹೊಸ ಬೀಗರೂ ಸೇರಿ ಹದಿನೆಂಟು ಜನ.

“ಬಾಗಿಲಿಗೆ ಬೀಗ ಹಾಕ್ಕೊಂಡು ಹೋದ್ರೆ ಬೀಗರ ಮುಂದೆ ಅವಳ ಮರ್ಯಾದೆ ಏನಾಗುತ್ತೆ? ಮುಂದಿನ ವರ್ಷ ಖಂಡಿತ ಹೋಗೋಣ ಕಣೆ,” ಎಂದರು ಸದಾಶಿವಯ್ಯನವರು.

ಅಡುಗೆಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಪಾರ್ವತಮ್ಮ ಚೀಲವನ್ನು ಒಳಗಿಟ್ಟು ಬೇಳೆ ತೊಳೆಯಲು ಹೋದರು. ನಾಲ್ಕು ತಿಂಗಳಿಗೆ, ಮೂರೇ ದಿನದ ಜ್ವರದಲ್ಲಿ, ಶಿವನ ಪಾದ ಸೇರಿದರು.

ಅಂದಿನಿಂದ ಆಕೆ ಆ ಬಾಗಿಲಲ್ಲೇ ಇದ್ದರು. ದೆವ್ವ ಭೂತಗಳನ್ನೆಲ್ಲ ಸದಾಶಿವಯ್ಯನವರು ನಂಬಿದವರಲ್ಲ. ಆದರೂ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಪಾರ್ವತಮ್ಮ, ಕೈಯಲ್ಲಿ ಚೀಲ. ಮಧ್ಯಾಹ್ನ ಊಟಕ್ಕೆ ಕೂತರೆ ಬೆನ್ನ ಹಿಂದೆ ಆಕೆ ಕಾಲು ಬದಲಿಸಿ ನಿಂತಂತೆ ಸಣ್ಣ ಸದ್ದು. ಬೈದರೂ ತಡೆದುಕೊಳ್ಳಬಹುದಿತ್ತು. ಆಕೆ ಬೈಯುತ್ತಿರಲಿಲ್ಲ, ಬರೀ ಹೊರಡಲು ಕಾಯುತ್ತಿದ್ದರು.

ಹೋಗಿ ಬಂದರೆ ಸಮಾಧಾನವಾದೀತೆಂದು ಹೋದ ವರ್ಷ ದಸರಾಕ್ಕೆ ಅವರು ಒಬ್ಬರೇ ಊಟಿಗೆ ಹೋಗಿದ್ದರು. ಮೇಜಿನ ಮೇಲೆ ಎರಡು ಬಟ್ಟಲು, ಮಂಚದ ಮೇಲೆ ಎರಡು ಟವಲು. ಎರಡೂ ಬಟ್ಟಲಿಗೆ ಚಹಾ ಸುರಿದು ಕೂತಾಗ ಮಂಜು ಕಿಟಕಿಗೆ ಬಂದು ಅಂಟಿತು. “ಒಂಬತ್ತು ವರ್ಷ ಖಾಲಿ ಬಿದ್ದಿತ್ತಲ್ಲಪ್ಪ ಪಾಪ, ಈ ರೂಮು,” ಎಂದರು ಕೋಣೆ ಗುಡಿಸಲು ಬಂದ ಗುಂಡ್ಲುಪೇಟೆ ಕಡೆಯ ಮುದುಕನಿಗೆ. ಅವನು ನಕ್ಕುಬಿಟ್ಟ. “ಖಾಲಿ ಎಲ್ಲಿ ಸ್ವಾಮಿ? ಸೀಜನ್ನು. ನೀವು ಬರ್ದೇ ಇದ್ರೆ ಬ್ಯಾರೇರಿಗೆ ಬಾಡಿಗೆ ಕೊಡ್ತಾರೆ.” ಸದಾಶಿವಯ್ಯನವರು ಮರುದಿನವೇ ಇಳಿದು ಬಂದರು. ಅಡುಗೆಮನೆಯ ಬಾಗಿಲಲ್ಲಿ ಪಾರ್ವತಮ್ಮ ಹಾಗೆಯೇ ನಿಂತಿದ್ದರು.

ಈಗ ಮಹೇಶ್ ತಂದದ್ದು ಅದೇ ವಾರದ ವಿಷಯ.

“ಭಾನುವಾರ ಹೋಟೆಲಿನಲ್ಲಿ ನಮ್ಮ ಕಾರ್ಯಕ್ರಮ ಇದೆ ಸಾರ್. ನೀವು ಹಳೇ ಮೆಂಬರು, ಬಂದು ನಾಲ್ಕು ಒಳ್ಳೇ ಮಾತು ಆಡಿ. ದಸರಾ ವಾರಾನೇ ಬೇಕು ಅಂತ ಒಂದು ಜೋಡಿ ಕೇಳ್ತಿದಾರೆ. ಅವರು ಸೈನ್ ಮಾಡಿದ್ರೆ ನಿಮ್ಮ ವಾರಾನೇ ಅವರ ಹೆಸರಿಗೆ ಮಾಡಿ, ವರ್ಷ ವರ್ಷ ದುಡ್ಡು ಕಟ್ಟೋದ್ರಿಂದ ನಿಮ್ಮನ್ನ ಬಿಡಿಸಿಬುಡ್ತೀನಿ.”

“ಸುಳ್ಳು ಹೇಳು ಅಂತೀಯ?”

“ಸುಳ್ಳು ಯಾಕೆ ಸಾರ್? ಗೋಕುಲಂನಲ್ಲಿ ಒಬ್ರು ಮೇಷ್ಟ್ರಿದಾರೆ. ಪ್ರತಿ ಮೇ ತಿಂಗಳೂ ಮಕ್ಕಳು ಮರಿ ಕಟ್ಕೊಂಡು ಹೋಗ್ತಾರೆ, ಹೋಟೆಲ್ ಖರ್ಚಿಗೆ ಹೋಲಿಸಿದ್ರೆ ನನಗೆ ಲಾಭಾನೇ ಅಂತಾರೆ. ಹೋಗೋರಿಗೆ ಒಳ್ಳೇದೇ ಸಾರ್. ನೀವು ಹೋಗ್ಲಿಲ್ಲ, ಅದು ಕಂಪನಿ ತಪ್ಪಾ?”

ಸದಾಶಿವಯ್ಯನವರು ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದರು. ಊಟಿಯ ಆ ವಾರದ ಕಾಗದ ಮನೆಯಿಂದ ಆಚೆ ಹೋದರೆ ಬಾಗಿಲಲ್ಲಿ ನಿಂತವಳೂ ಹೋದಾಳು ಎಂಬ ಆಸೆಯೊಂದೇ ಅವರಿಗಿತ್ತು. ಒಪ್ಪಿಕೊಂಡರು.

ಭಾನುವಾರ ಹೋಟೆಲಿನ ಹಾಲ್‌ನಲ್ಲಿ ಗುಂಡು ಮೇಜುಗಳು, ಕಿತ್ತಳೆ ಬಣ್ಣದ ಪಾನಕ, ಬಂದವರಿಗೆಲ್ಲ ಒಂದೊಂದು ಗೋಡೆ ಗಡಿಯಾರ. ಮಹೇಶ್ ಅವರನ್ನು ಒಂದು ಜೋಡಿಯ ಮುಂದೆ ಕೂರಿಸಿದ. ವಿಜಯನಗರದವರು. ಗಂಡ ಕುಮಾರಸ್ವಾಮಿ ಕರೆಂಟ್ ಆಫೀಸಿನಲ್ಲಿ ಲೈನ್ ಇನ್‌ಸ್ಪೆಕ್ಟರ್, ಹೆಂಡತಿ ವಾಣಿ ಬಾಲವಾಡಿ ಟೀಚರು. ಅರ್ಜಿ ತುಂಬಿ ಆಗಿತ್ತು. ಸೊಸೈಟಿಯಲ್ಲಿ ಸಾಲಕ್ಕೂ ಬರೆದುಕೊಟ್ಟು ಬಂದಿದ್ದರು. ಉಳಿದದ್ದು ರುಜು.

“ಹೇಳಿ ಸಾರ್, ನಿಮ್ಮ ಅನುಭವ,” ಎಂದ ಮಹೇಶ್.

ಸದಾಶಿವಯ್ಯನವರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದರು. ಗಾಳಿ ತಂಪು, ಕೋಣೆ ಶುಚಿ, ಊಟ ಪರವಾಗಿಲ್ಲ. ಒಂದೂ ಸುಳ್ಳಲ್ಲ. ಕುಮಾರಸ್ವಾಮಿ ತಲೆದೂಗಿ ಪೆನ್ನು ತೆಗೆದ. ಅಷ್ಟರಲ್ಲಿ ವಾಣಿ ಕೇಳಿದಳು.

“ಅಮ್ಮಾವ್ರಿಗೆ ಅಲ್ಲಿ ಎಲ್ಲಕ್ಕಿಂತ ಏನು ಇಷ್ಟ ಆಯ್ತು ಸಾರ್?”

ಕೆರೆ ಎನ್ನಬಹುದಿತ್ತು, ಹೂವಿನ ತೋಟ ಎನ್ನಬಹುದಿತ್ತು. ಸದಾಶಿವಯ್ಯನವರು ಬಾಯಿ ತೆರೆದರು. ಪಾರ್ವತಮ್ಮನಿಗೆ ಏನು ಇಷ್ಟವಾಗುತ್ತಿತ್ತೆಂದು ಊಹಿಸಲೂ ಅವರಿಂದ ಆಗಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಚಳಿ ಇಷ್ಟವೋ ಬಿಸಿಲು ಇಷ್ಟವೋ ಅವರಿಗೆ ಗೊತ್ತಿರಲಿಲ್ಲ. ಈ ಗದ್ದಲದಲ್ಲೂ ಹಿಂದೆ ಯಾರೋ ಕಾಲು ಬದಲಿಸಿ ನಿಂತಂತಾಯಿತು.

“ಇಷ್ಟ ಆಗೇ ಆಗುತ್ತೆ ಬಿಡಿ,” ಎಂದು ಮಹೇಶ್ ನಡುವೆ ಬಂದ. “ದಸರಾ ವಾರ ಅಂದ್ರೆ ಚಿನ್ನ ಕಣ್ರೀ. ಸೈನ್ ಮಾಡಿ ಕುಮಾರಸ್ವಾಮಿಯವರೇ.”

ವಾಣಿ ಗಂಡನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು. “ರೀ, ದಸರಾದಲ್ಲಿ ನಿಮಗೆ ರಜ ಎಲ್ಲಿ ಕೊಡ್ತಾರೆ? ಊರ್ ತುಂಬಾ ದೀಪ ಹಚ್ಚೋರೇ ನೀವು. ಹೋದ್ ದಸರಾದಲ್ಲಿ ಹತ್ತು ದಿನಾನೂ ನೀವು ಕಂಬದ ಕೆಳಗೇ ಇದ್ರಿ.”

“ಸುಮ್ನಿರು. ಅವರ ಮುಂದೆ ಏನು ಮಾತು?” ಕುಮಾರಸ್ವಾಮಿ ಹಲ್ಲು ಕಚ್ಚಿ ಅಂದ.

ವಾಣಿ ಪಾನಕದ ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸತೊಡಗಿದಳು.

ಸದಾಶಿವಯ್ಯನವರು ಅರ್ಜಿಯ ಮೇಲೆ ಕೈ ಇಟ್ಟುಬಿಟ್ಟರು.

“ಅವಳು ನೋಡ್ಲೇ ಇಲ್ಲಮ್ಮ,” ಎಂದರು. “ಒಂದು ಸಲಾನೂ ನೋಡ್ಲಿಲ್ಲ. ಹತ್ತು ವರ್ಷದ ಹಿಂದೆ ಇಂಥದೇ ಮೇಜಿನ ಮುಂದೆ ಅವಳೂ ಕೇಳಿದ್ಲು, ದಸರಾದಲ್ಲಿ ಮನೆಗೆ ಬರೋರನ್ನ ಏನ್ ಮಾಡೋದು ಅಂತ. ಸುಮ್ನಿರು ಅಂದೆ ನಾನು. ಇಷ್ಟೇ ಮಾತು. ಸುಮ್ನಾಗ್ಬುಟ್ಲು. ಆಮೇಲೆ ಬಾಯೇ ಬಿಡ್ಲಿಲ್ಲ.”

“ಸಾರ್, ಏನ್ ಮಾತಾಡ್ತಿದೀರಿ?” ಮಹೇಶನ ಮುಖ ಕೆಂಪಾಯಿತು. “ಇವರು ಬಿಟ್ರೆ ನಿಮ್ಮ ವಾರ ನಿಮ್ಮ ತಲೆ ಮೇಲೇ ಉಳಿಯುತ್ತೆ. ಇನ್ನೂ ಇಪ್ಪತ್ತಮೂರು ವರ್ಷ!”

“ಉಳೀಲಿ ಮಹೇಶಪ್ಪ. ನಾನ್ ಮಾಡಿದ್ದು ನನಗೇ ಇರ್ಲಿ. ನೀನು ಹೇಳಿದ್ದೂ ನಿಜ, ಹೋಗೋರಿಗೆ ಒಳ್ಳೇದೇ. ಇವರಿಗೆ ಹೋಗಕ್ಕಾಗುತ್ತಾ ಅನ್ನೋದು ಆ ಹೆಣ್ಮಗೂಗೆ ಗೊತ್ತು. ಅವಳ್ನ ಕೇಳ್ಲಿ.” ಅವರು ಕುಮಾರಸ್ವಾಮಿಯ ಕಡೆ ತಿರುಗಿ ಕೈ ಮುಗಿದರು. “ಕೇಳಪ್ಪ. ಈಗ್ಲೇ ಕೇಳು. ಇನ್ನೊಂದ್ ದಿನ ಕೇಳ್ತೀನಿ ಅಂದ್ರೆ ಉತ್ರ ಕೊಡೋರು ಇರಲ್ಲ.”

ಕುಮಾರಸ್ವಾಮಿ ಪೆನ್ನಿನ ಮುಚ್ಚಳ ಹಾಕಿ, ಹೆಂಡತಿಯ ಕಡೆ ಕುರ್ಚಿ ತಿರುಗಿಸಿಕೊಂಡ. “ನೀನೇನಂತೀಯ ವಾಣಿ?” ಎಂದು ಕೇಳಿದ. ವಾಣಿ ಏನು ಹೇಳಿದಳೆಂದು ಕೇಳಿಸಿಕೊಳ್ಳಲು ಸದಾಶಿವಯ್ಯನವರು ನಿಲ್ಲಲಿಲ್ಲ. ಅದು ಅವರಿಗಾಗಿ ಆಡಿದ ಮಾತಾಗಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಇನ್ನೂ ನಾಲ್ಕು ಗಂಟೆ. ಕೆಳಗೆ ರಸ್ತೆಯಲ್ಲಿ ಬಸ್ಸುಗಳ ಸದ್ದು, ಮೇಲೆ ಮನೆಯಲ್ಲಿ ನಿಶ್ಶಬ್ದ. ಅಡುಗೆಮನೆಯ ಬಾಗಿಲಲ್ಲಿ ಪಾರ್ವತಮ್ಮ ಇದ್ದರು. ಇಷ್ಟು ದಿನ ಸದಾಶಿವಯ್ಯನವರು ಆ ಕಡೆ ನೋಡದೆ ತಲೆ ತಗ್ಗಿಸಿ ಹೋಗುತ್ತಿದ್ದರು. ಇವತ್ತು ಹೋಗಲಿಲ್ಲ. ಒಂದು ಮಣೆ ಎಳೆದುಕೊಂಡು ಆ ಬಾಗಿಲ ಎದುರಿಗೇ ಕೂತರು.

“ಹೇಳು ಪಾರ್ವತಿ,” ಎಂದರು. “ಎಲ್ಲಿಗೆ ಹೋಗ್ಬೇಕು ಅಂತಿತ್ತು ನಿಂಗೆ?”

ಉತ್ತರ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ದೀಪ ಹಚ್ಚುವ ಹೊತ್ತಿನವರೆಗೆ ಅವರು ಕಿವಿಗೊಟ್ಟು ಕೂತೇ ಇದ್ದರು.