ಗೆರೆಯ ಕೆಳಗಿನ ಅಂಕಿ

ಶಹಾಪುರದ ಕಾಲೇಜಿನ ಪ್ರಯೋಗಶಾಲೆಯ ಕಪ್ಪುಹಲಗೆಯ ಮೇಲೆ ಜಗದೇವಪ್ಪನವರ ಕೊನೆಯ ಲೆಕ್ಕ ಅರ್ಧಕ್ಕೆ ನಿಂತಿತ್ತು. ಗ್ಲೈಸಿನ್ ಬಫರ್, ಅಂದರೆ ಗ್ಲೈಸಿನ್ನಿನ ಕ್ಷಾರರೂಪವೂ ಆಮ್ಲರೂಪವೂ ಬೆರೆತ ದ್ರಾವಣ; ಎರಡೂ ಸೇರಿದ ಒಟ್ಟು ಸಾಂದ್ರತೆ 0.1 ಮೋಲಾರ್, ಪಿಎಚ್ 9.9, ಪಿಕೆಎ 9.6, ಆದ್ದರಿಂದ ಕ್ಷಾರಕ್ಕೂ ಆಮ್ಲಕ್ಕೂ ಇರುವ ಅನುಪಾತ 2 : 1. ಮುಂದೆ ‘ಕ್ಷಾರ = 0.1 × 2’ ಎಂದು ಬರೆದು, ಕೆಳಗೊಂದು ಗೆರೆ ಎಳೆದಿದ್ದರು. ಅಷ್ಟರಲ್ಲಿ ವಿದ್ಯಾರ್ಥಿಯೊಬ್ಬ ಕಾಲುವೆಗೆ ಬಿದ್ದನೆಂಬ ಕೂಗು ಕೇಳಿ ಓಡಿದ್ದರು. ವಿದ್ಯಾರ್ಥಿ ಉಳಿದ. ಅವನನ್ನು ಎತ್ತಲು ಧುಮುಕಿದ ಅವರ ದೇಹ ಮಾತ್ರ ನೀರು ನಿಲ್ಲಿಸಿ ಹುಡುಕಿದರೂ ಸಿಗಲಿಲ್ಲ.

ಅಟೆಂಡರ್ ಉಸ್ಮಾನಸಾಬ ಒಮ್ಮೆ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದ್ದ. ಒಣಗುತ್ತಿದ್ದಂತೆ ಅಕ್ಷರಗಳು ಮರಳಿ ಮೂಡಿದ್ದವು.

“ಸರ್ ಹೋಗಾಕ ಒಲ್ಲೆ ಅಂತಾರ್ರಿ ಅಕ್ಕಾರ” ಎಂದಿದ್ದ.

ಅದೇ ವಿಭಾಗದಲ್ಲಿ ಕಲಿಸುತ್ತಿದ್ದ ಅವರ ಪತ್ನಿ ಅನ್ನಮ್ಮನಿಗೆ ಬೇಕಾದದ್ದೂ ಆ ಮಾತೇ. ‘ಅವರೇ ಬಂದು ಮುಗಿಸುತ್ತಾರೆ’ ಎಂದು ಆಕೆ ಆ ಪಾಠವನ್ನು ಮುಟ್ಟಿರಲಿಲ್ಲ.

ಹೀಗೇ ವಾರಗಳು ಕಳೆದು, ಪ್ರಾಯೋಗಿಕ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಮಾನಮ್ಮನೆಂಬ ವಿದ್ಯಾರ್ಥಿನಿ ಆ ಲೆಕ್ಕಕ್ಕೆ ತಾನು ಬರೆದ ಉತ್ತರವನ್ನು ಅನ್ನಮ್ಮನಿಗೆ ತೋರಿಸಿದಳು: ಕ್ಷಾರ 0.1, ಆಮ್ಲ 0.05.

“ಎರಡೂ ಕೂಡಿಸು. ಬಾಟ್ಲಿಗೆ ಹಾಕಿದ್ದಕ್ಕಿಂತ ಹೆಚ್ಚಾತಲ್ಲ? ಎಲ್ಲಿಂದ ಬಂತು?”

“ಗೆರಿ ಕೆಳಗ ಸರ್ ಏನೂ ಬರದಿಲ್ರಿ ಮೇಡಂ. ನಾನಽ ಎರಡು ಅಂತ ಹಾಕ್ದೆ.”

“ಪ್ರೋಟಾನ್ ಉಳಿಸಿಕೊಂಡ ಗ್ಲೈಸಿನ್ ಆಮ್ಲ. ಕಳಕೊಂಡದ್ದು ಕ್ಷಾರ. ಕಳಕೊಂಡದ್ದನ್ನೂ ಹಿಡದಽ ಒಟ್ಟು ಲೆಕ್ಕ…” ಅನ್ನಮ್ಮ ಹಲಗೆಯ ಮೇಲಿನ ಗೆರೆಯತ್ತ ತಿರುಗಿದಳು.

“ಎರಡು ಪಾಲು, ಒಂದು ಪಾಲು. ಹಂಗಾದ್ರ ಕೆಳಗ ಮೂರು ಬರಬೇಕಲ್ರಿ? ನೀವಽ ಬರೀರಿ ಮೇಡಂ. ಸರ್ ಲೆಕ್ಕದಾಗ ನಾ ಫೇಲಾದ್ರ ನನ್ನ ಬಿಡ್ತಾರೇನ್ರಿ ಅವರು?”

ಹಲಗೆಯ ಅಂಚಿನಲ್ಲಿ ಅವರು ಇಟ್ಟು ಹೋದ ಸೀಮೆಸುಣ್ಣದ ತುಂಡು ಹಾಗೆಯೇ ಇತ್ತು. ಅನ್ನಮ್ಮ ಎತ್ತಿಕೊಂಡರೆ ಅದು ತಣ್ಣಗೆ, ಒದ್ದೆಯಾಗಿತ್ತು. ಅದಿದ್ದ ಹಲಗೆಯ ಅಂಚು ಮಾತ್ರ ಒಣಗಿತ್ತು, ಧೂಳು ಹಿಡಿದಿತ್ತು. ಅದರಿಂದಲೇ ಆಕೆ ಗೆರೆಯ ಕೆಳಗೆ 3 ಎಂದು ಬರೆದಳು. ಕ್ಷಾರ 0.067, ಆಮ್ಲ 0.033. ಕೂಡಿದರೆ ಸರಿಯಾಗಿ 0.1.

“ಉಸ್ಮಾನಸಾಬ, ಒರಸ್ರಿ.”

ಅವನು ಅಳುಕುತ್ತಲೇ ಒರೆಸಿದ. ಮೂವರೂ ಕಾದರು. ಹಲಗೆ ಒಣಗಿತು. ಜಗದೇವಪ್ಪನವರ ಅಕ್ಷರಗಳು ಈ ಸಲ ಮರಳಲಿಲ್ಲ. ಬರಿಯ ಕಪ್ಪಿನ ನಡುವೆ, ಆಕೆ ಬರೆದ ಮೂರರ ಅಂಕಿ ಮಾತ್ರ ಮೆಲ್ಲಗೆ ಬೆಳ್ಳಗಾಗುತ್ತ ಬಂತು.